ಮಲೆ ಎಂಬ ಮಾತು

ಎತ್ತರದ ನೆಲಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ದಿಬ್ಬ, ತಿಟ್ಟು, ಮರಡಿ, ಬೋರೆ, ಗುಡ್ಡ, ಬೆಟ್ಟ ಎಂದು ಎತ್ತರ ಏರಿದಂತೆ ಮಾತೂ ಬದಲಾಗುತ್ತದೆ. ಈ ಸಾಲಿಗೆ ಸೇರಿಯೂ ಸೇರದೆ ನಿಲ್ಲುವ ಪದ ‘ಮಲೆ’. ಹಾಸನ ಜಿಲ್ಲೆಯ ಸಕಲೇಶಪುರ ಸೀಮೆಯ ಎತ್ತರಗಳನ್ನು ಹೆಸರು ಹಿಡಿದು ಕರೆದರೆ ಇದು ಗೊತ್ತಾಗುತ್ತದೆ: ಪಾಂಡವರ ಗುಡ್ಡ, ಜೇನುಕಲ್ಲು ಗುಡ್ಡ, ಮೂರ್ಕಣ್ಣು ಗುಡ್ಡ, ಬಿಸಿಲೆಯಲ್ಲಿ ನಿಂತರೆ ಎದುರಿಗೆ ಕಾಣುವ ದೊಡ್ಡಬೆಟ್ಟ, ಪಟ್ಟಬೆಟ್ಟ, ಏಣಿಕಲ್ಲು ಬೆಟ್ಟ, ಆಚೆಗೆ ಕುಮಾರಪರ್ವತ. ಇಷ್ಟು ಹೆಸರುಗಳಲ್ಲಿ ಒಂದಕ್ಕೂ ಮಲೆ ಎಂಬ ಬಾಲವಿಲ್ಲ. ಇವೆಲ್ಲ ಸೇರಿದ ನಾಡಿಗೆ ಮಾತ್ರ ಮಲೆನಾಡು ಎಂದು ಹೆಸರು. ಒಂದು ಗುಡ್ಡವನ್ನು ಬೆರಳಿಟ್ಟು ತೋರಿಸಬಹುದು. ಮಲೆಯನ್ನು ಹಾಗೆ ತೋರಿಸಲಾಗದು. ಗುಡ್ಡ, ಕಾಡು, ಹಳ್ಳ, ಜಿಗಣೆ, ಅಲ್ಲಿ ಬಾಳುವ ಜನ ಎಲ್ಲವೂ ಆ ಎರಡಕ್ಷರದೊಳಗೆ ಬರುತ್ತವೆ.

ಸೋದರ ಭಾಷೆಗಳಲ್ಲಿ ಹೀಗಿಲ್ಲ. ತಮಿಳಿನ ‘ಮಲೈ’, ಮಲಯಾಳದ ‘ಮಲ’ ಒಂಟಿ ಬೆಟ್ಟಕ್ಕೂ ಅಂಟಿಕೊಳ್ಳುತ್ತವೆ. ಶಬರಿಮಲೆ, ಆನೆಮಲೆ, ತಿರುವಣ್ಣಾಮಲೆ ಎಲ್ಲರಿಗೂ ಪರಿಚಿತ. ತುಳುವಿನ ‘ಮಲೆ’ಯಲ್ಲಿ ಬೆಟ್ಟಕ್ಕಿಂತ ಕಾಡಿನ ಅರ್ಥವೇ ಮುಂದು. ಕೊಡಗಿನಲ್ಲಿ ಅದು ಇನ್ನಷ್ಟು ಕಿರಿದಾಗಿ, ಕಾಡಿನೊಳಗೆ ಏಲಕ್ಕಿ ಬೆಳೆಯುವ ಜಾಗಕ್ಕೆ ನಿಂತು, ‘ಏಲಕ್ಕಿ ಮಲೆ’ ಎಂದು ಕಂದಾಯದ ಕಡತಕ್ಕೂ ಹೊಕ್ಕಿತು. ಕನ್ನಡದೊಳಗೇ ತೆಂಕಣ ತುದಿಯಲ್ಲಿ ಮಲೆಯನ್ನು ಎಣಿಸುವ ರೂಢಿಯಿದೆ: ಮಾದಪ್ಪನ ಪರಂಪರೆಯಲ್ಲಿ ಏಳುಮಲೆ, ಎಪ್ಪತ್ತೇಳು ಮಲೆ. ಆದರೂ ಮಾದಪ್ಪನ ಕ್ಷೇತ್ರದ ಪೂರ್ಣ ಹೆಸರು ‘ಮಲೆ ಮಹದೇಶ್ವರ ಬೆಟ್ಟ’. ಮಲೆ ಬಂದರೂ ಬೆಟ್ಟ ಬಿಡಲಿಲ್ಲ!

ಈ ಪದದ ವಯಸ್ಸು ದೊಡ್ಡದು. ಸಂಸ್ಕೃತ ಕಾವ್ಯಗಳ ಮಲಯ ಪರ್ವತ, ಮಲಯಮಾರುತಗಳು ದ್ರಾವಿಡದ ಮಲೆಯಿಂದಲೇ ಹೋದವೆಂಬುದು ಭಾಷಾವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. 6ನೇ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಮೆಣಸು ಬೆಳೆಯುವ ಕರಾವಳಿಯನ್ನು ‘ಮಲೆ’ ಎಂದೇ ಕರೆದ. ಮುಂದೆ ಅರಬ್ ನಾವಿಕರ ಬಾಯಲ್ಲಿ ಅದಕ್ಕೆ ‘ಬಾರ್’ ಸೇರಿ ಮಲಬಾರ್ ಆಯಿತು. ಹಡಗಿನಲ್ಲಿ ಬಂದವರಿಗೆ ಮೊದಲು ಕಂಡದ್ದು ತೀರವಲ್ಲ, ಅದರ ಹಿಂದೆ ಎದ್ದ ಬೆಟ್ಟಸಾಲು. ಹೆಸರೂ ಅದರದೇ ಉಳಿಯಿತು.

ಮಲೆಗೂ ಮಳೆಗೂ ನಂಟು ಕಲ್ಪಿಸುವವರು ಬಹಳ. ಮಲೆನಾಡೆಂದರೆ ಮಳೆನಾಡೇ ಎಂಬ ಸಮಜಾಯಿಷಿ ಶಾಲೆಯ ಪ್ರಬಂಧಗಳಲ್ಲೂ ಸಿಗುತ್ತದೆ. ಆಷಾಢದಲ್ಲಿ ಸಕಲೇಶಪುರ ಸೀಮೆಯ ಮಾರನಹಳ್ಳಿಯ ಕಡೆ ಹೋದವರಿಗೆ ಹಾಗನ್ನಿಸಿದರೆ ತಪ್ಪಿಲ್ಲ. ಆದರೆ ಪದಗಳು ಬೇರೆ. ಮಳೆ ಹಳಗನ್ನಡದಲ್ಲಿ ‘ೞ’ ಅಕ್ಷರದ ‘ಮೞೆ’. ಮಲೆಯ ಲಕಾರ ಮೊದಲಿನಿಂದ ಲಕಾರವೇ. ತಮಿಳು ಇಂದಿಗೂ ಈ ಎರಡು ಉಚ್ಚಾರಗಳನ್ನು ಬೇರೆಬೇರೆಯಾಗಿ ಕಾಪಾಡಿಕೊಂಡಿದೆ.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಹಾಸನ ದಾಟಿ ಪಶ್ಚಿಮಕ್ಕೆ ಹೊರಟಾಗ ಈ ಪದದ ಮೇರೆ ಎಲ್ಲಿಂದ ಶುರು ಎಂಬ ಪ್ರಶ್ನೆ ಏಳುತ್ತದೆ. ಮೊದಲು ಸಿಗುವುದು ಆಲೂರು. ಅದು ಬಯಲುಸೀಮೆಯೂ ಅಲ್ಲ, ಪೂರ್ತಿ ಮಲೆನಾಡೂ ಅಲ್ಲ. ಅದಕ್ಕೆ ‘ಅರೆಮಲೆನಾಡು’ ಎಂಬ ಪದ ಹುಟ್ಟಿದೆ; ‘ಮಲೆನಾಡಿನ ಸೆರಗು’ ಎನ್ನುವುದೂ ಉಂಟು. ರಾಗಿ, ಜೋಳ, ಶುಂಠಿಯ ಹೊಲಗಳ ಪಕ್ಕದಲ್ಲೇ ಕಾಫಿ ತೋಟದ ಬೇಲಿ ಇಲ್ಲಿ ಕಾಣಿಸಿಕೊಳ್ಳುತ್ತದೆ. ಪಾಳ್ಯ, ಬಾಳ್ಳುಪೇಟೆ ದಾಟುವ ಹೊತ್ತಿಗೆ ಬಯಲಿನ ಬೆಳೆ ಹಿಂದೆ ಸರಿದು, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ಬಂದಾಗ ಮಲೆನಾಡು ನಿಸ್ಸಂದೇಹ. ಆದರೆ ಪದಕ್ಕೆ ಭೂಗೋಳದ ಶಿಸ್ತು ಬೇಕಿಲ್ಲ. ಬಯಲಿಗೇ ಹತ್ತಿರವಾದ ಹಾಸನ ನಗರದಲ್ಲಿ 1960ರಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜಿಗೆ ಮಲೆನಾಡಿನ ಹೆಸರೇ ಬಂತು. 1991ರ ಕಾಯಿದೆಯಿಂದ ಹುಟ್ಟಿದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಯಂತೂ ಮಳೆ ಕಾಣದ ತಾಲ್ಲೂಕುಗಳಿಗೂ ಹಬ್ಬಿದೆ. ಅನುದಾನ ಬರುವುದಾದರೆ ಎಲ್ಲರೂ ಮಲೆನಾಡಿಗರೇ.

ನೆಲದ ಎತ್ತರ ಜನದ ಹೆಸರಾಗುವುದು ಕನ್ನಡಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. ಬಾಲ್ಟಿಕ್ ಸಮುದ್ರದ ಅಂಚಿನ ಲಿಥುವೇನಿಯಾದಲ್ಲಿ ಹಳೆಯ ಬುಡಕಟ್ಟುಗಳ ನೆನಪು ಉಳಿದಿರುವುದು ಜೆಮೈತಿಯಾ, ಔಕ್ಷ್ತೈತಿಯಾ ಎಂಬ ಎರಡು ಸೀಮೆಗಳಲ್ಲಿ. ಮೊದಲನೆಯದು ತಗ್ಗಿನವರ ನಾಡು, ಎರಡನೆಯದು ಎತ್ತರದವರ ನಾಡು. 1420ರಲ್ಲಿ ಅಲ್ಲಿನ ಮಹಾರಾಜ ವಿತೌತಸ್, ಮುಂದೆ ಚಕ್ರವರ್ತಿಯಾದ ಸಿಗಿಸ್ಮಂಡನಿಗೆ ಬರೆದ ಪತ್ರದಲ್ಲಿ ಈ ಅರ್ಥವನ್ನೇ ವಿವರಿಸಿ, ಎರಡೂ ಒಂದೇ ಭಾಷೆಯ ಒಂದೇ ಜನರ ನಾಡು ಎಂದು ವಾದಿಸಿದ. ಆ ದೇಶದ ಅತಿ ಎತ್ತರದ ಗುಡ್ಡ 294 ಮೀಟರ್. ಸಕಲೇಶಪುರದ ಮಂಜರಾಬಾದ್ ಕೋಟೆ ನಿಂತಿರುವುದು ಸುಮಾರು 988 ಮೀಟರ್ ಎತ್ತರದಲ್ಲಿ. ಎತ್ತರ ಎಂಬುದು ಅಳತೆಗಿಂತ ನೆರೆಯವರ ಲೆಕ್ಕ. ಕರಾವಳಿಯವರಿಗೆ ಸಕಲೇಶಪುರದವರೂ ಹಾಸನದವರೂ ಒಂದೇ, ‘ಘಟ್ಟದ ಮೇಲಿನವರು’. ಹಾಸನದವರಿಗೆ ಮಾತ್ರ ಸಕಲೇಶಪುರದವರು ಮಲೆನಾಡಿಗರು.

ಮಲೆಯ ಜನಕ್ಕೆ ಶಾಸನಗಳು ಕೊಟ್ಟ ಹೆಸರು ‘ಮಲೆಪರು’. ಗುಡ್ಡಸಾಲಿನ ಸಣ್ಣಸಣ್ಣ ಸೀಮೆಗಳನ್ನು ಹಿಡಿದಿದ್ದ ನಾಯಕರು ಇವರು. ಹೊಯ್ಸಳರೂ ಈ ಗುಂಪಿನಿಂದಲೇ ಮೇಲೆದ್ದವರು. ಅವರ ಮೂಲನೆಲೆ ಸೊಸೆವೂರು ಇಂದಿನ ಅಂಗಡಿ. ಮೂಡಿಗೆರೆ ತಾಲ್ಲೂಕಿನ ಈ ಹಳ್ಳಿ ಸಕಲೇಶಪುರಕ್ಕೂ ದೂರವಲ್ಲ. ಸಳ ಹುಲಿಯನ್ನು ಕೊಂದ ಕಥೆಗೆ ಅಂಟಿಕೊಂಡ ವಾಸಂತಿಕೆಯ ಗುಡಿ ಅಲ್ಲಿದೆ, ಹಳೆಯ ಬಸದಿಗಳಿವೆ. ಸಾಮ್ರಾಜ್ಯ ಬೆಳೆದು ಬೇಲೂರು, ದೋರಸಮುದ್ರಕ್ಕೆ ಬಂದ ಮೇಲೂ ಅವರ ಬಿರುದಾವಳಿಯಲ್ಲಿ ‘ಮಲೆರಾಜರಾಜ’, ‘ಮಲೆಪರೊಳ್ ಗಂಡ’ ಉಳಿದವು. ಎರಡನೆಯದು ಅವರ ಚಿನ್ನದ ನಾಣ್ಯಗಳ ಮೇಲೂ ಅಚ್ಚಾಯಿತು. ತಳಕಾಡನ್ನು ಗೆದ್ದ ಅರಸನಿಗೆ ಮಲೆಯ ನಾಯಕರಲ್ಲಿ ತಾನೇ ಗಂಡು ಎನ್ನುವುದು ಇನ್ನೂ ಹೆಮ್ಮೆಯ ಮಾತಾಗಿತ್ತು ಎಂಬುದನ್ನು ಗಮನಿಸಬೇಕು. ಬೇಲೂರಿನ ಶಿಲ್ಪ ನೋಡಿ ಮರುಳಾಗುವವರು ಅದನ್ನು ಕಟ್ಟಿಸಿದವರು ಮಲೆಯಿಂದ ಇಳಿದುಬಂದವರೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಹಳಗನ್ನಡದಲ್ಲಿ ‘ಮಲೆ’ ಎಂಬ ಕ್ರಿಯಾಪದವೂ ಇದೆ. ಸೊಕ್ಕು, ಎದುರುಬೀಳು, ಮಣಿಯದೆ ನಿಲ್ಲು ಎಂದು ಅದರ ಅರ್ಥ. ‘ಮಲೆತು ನಿಂತ’ ವೈರಿಗಳು ಕಾವ್ಯದಲ್ಲಿ ಧಾರಾಳವಾಗಿ ಸಿಗುತ್ತಾರೆ. ನಿಘಂಟು ಇವೆರಡನ್ನೂ ಬೇರೆ ಪದಗಳೆಂದೇ ಇಡುತ್ತದೆ, ಇಡಬೇಕಾದ್ದೂ ಹಾಗೆಯೇ. ಆದರೆ ‘ಮಲೆಪರೊಳ್ ಗಂಡ’ ಎಂದಾಗ ಕಿವಿಗೆ ಎರಡೂ ತಟ್ಟುತ್ತವೆ, ಮತ್ತು ಈ ಸೀಮೆಯ ಚರಿತ್ರೆ ಎರಡನ್ನೂ ಬೆರೆಸಿಯೇ ನಡೆದಿದೆ. ಸಕಲೇಶಪುರದ ಸುತ್ತಣ ನಾಡಿಗೆ ಹಿಂದೆ ಬಲಂ ಎಂದು ಹೆಸರು. ಐಗೂರಿನ ಪಾಳೆಯಗಾರರು ಆಳುತ್ತಿದ್ದರು. 1792ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆಯಿಂದ ಅದು ಮಂಜರಾಬಾದ್ ಆಯಿತು. ಮಂಜು ಕವಿದದ್ದನ್ನು ನೋಡಿ ಸುಲ್ತಾನ ಆ ಹೆಸರಿಟ್ಟನೆಂಬುದು ಜನಜನಿತ ಕಥೆ. ಟಿಪ್ಪು ಮಡಿದ ಮೇಲೆ ಬಲಂನ ಕೃಷ್ಣಪ್ಪ ನಾಯಕ ಬ್ರಿಟಿಷರಿಗೂ ಮೈಸೂರಿಗೂ ಮಣಿಯದೆ ಕಾಡಿನೊಳಗೆ ಗಡಿ ಕಟ್ಟಿಕೊಂಡು ನಿಂತ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿಯೇ ಅವನ ಮೇಲೆ ದಂಡೆತ್ತಿ ಬರಬೇಕಾಯಿತು. 1802ರ ಆರಂಭದಲ್ಲಿ ಅವನ ನೆಲೆ ಮುರಿದುಬಿತ್ತು. ಸೆರೆಸಿಕ್ಕ ನಾಯಕನನ್ನು ಗಲ್ಲಿಗೇರಿಸಲಾಯಿತು. ಸುಮಾರು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ಕಾಡಿಗೆ ಕಾಫಿ ಹಾಕಲು ರಾಬರ್ಟ್ ಎಲಿಯಟ್‌ನಂಥ ಯುರೋಪಿಯನ್ನರು ಬಂದರು. 1871ರಲ್ಲಿ ಎಲಿಯಟ್ ತನ್ನ ಅನುಭವಗಳನ್ನು ಪುಸ್ತಕ ಮಾಡಿದ.

ಅರಸರ ಮಲೆಪರು ಹೋದರೂ ಮಲೆಯನ್ನು ಹೆಸರಿನಲ್ಲಿ ಹೊತ್ತ ಜನ ಹೋಗಿಲ್ಲ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮಲೈಕುಡಿ, ಮಲಸರ್, ಮಲಯೆಕಂಡಿ, ಮಲೇರು ಎಂಬ ಹೆಸರುಗಳಿವೆ. ಸಕಲೇಶಪುರದ ಗುಡ್ಡಗಳು ಪಡುವಣಕ್ಕೆ ಇಳಿಯುವ ಶಿಶಿಲ, ಶಿರಾಡಿಯ ಕಡೆ ಮಲೆಕುಡಿಯರ ನೆಲೆಗಳಿವೆ. ‘ಮಲೆನಾಡಿಗ’ ಎಂದು ಹೆಮ್ಮೆಯಿಂದ ಕರೆದುಕೊಳ್ಳುವ ತೋಟದ ಯಜಮಾನನಿಗೂ ಮಲೆಕುಡಿಯನಿಗೂ ಪದ ಒಂದೇ, ಪಾಲು ಒಂದಲ್ಲ.

ಮಲೆಗೆ ಎರಡು ಪ್ರತಿಸ್ಪರ್ಧಿ ಪದಗಳು ಬಂದವು. ಒಂದು ಪುರಾಣದ ಸಹ್ಯಾದ್ರಿ. ಅದು ಹಾಡು, ಭಾಷಣ, ಶಾಲೆಯ ನಾಮಫಲಕಕ್ಕೆ ಒದಗುತ್ತದೆ. ಇನ್ನೊಂದು ಘಟ್ಟ. ಅದು ಹತ್ತುವವರ, ಇಳಿಯುವವರ ಮಾತು: ಶಿರಾಡಿ ಘಟ್ಟ, ಬಿಸಿಲೆ ಘಟ್ಟ, ಗಾಡಿಯ ಎತ್ತು, ಲಾರಿಯ ಬ್ರೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ ಕೊರೆದು 1979ರಲ್ಲಿ ಓಡಿಸಿದ ರೈಲಿಗೂ ಅದು ಘಟ್ಟವೇ. ದಾಟುವವರ ಪದ ಇಂಗ್ಲಿಷ್ ನಕ್ಷೆ ಸೇರಿ ಪಶ್ಚಿಮ ಘಟ್ಟವಾಗಿ, 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೂ ಹೋಯಿತು. ಅಲ್ಲಿ ಬದುಕುವವರ ಪದ ಹೊರಗುಳಿಯಿತು. ಘಟ್ಟ ಎಂದರೆ ಒಂದು ಅಡ್ಡಿ. ಮಲೆ ಹಾಗಲ್ಲ, ಅದು ನೆಲೆ. ಬಿಸಿಲೆ ದಾರಿಯ ಮಂಕನಹಳ್ಳಿಯ ಏಣಿನಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೂ ಇನ್ನೊಂದು ಪಾಲು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೂ ಹೋಗುತ್ತದೆ. ಎರಡೂ ಕಡೆಗೆ ನೀರು ಹಂಚುವ ಆ ಎತ್ತರಕ್ಕೆ ಏರುದಾರಿಯ ಹೆಸರು ಸಾಲದು.

ಕನ್ನಡದಲ್ಲಿ ಕಾಡು ಮತ್ತು ನಾಡು ಎದುರುಬದುರು ಪದಗಳು. ಮಲೆನಾಡು ಎಂಬ ಜೋಡಿಯಲ್ಲಿ ಮಾತ್ರ ಕಾಡುಗುಡ್ಡವೂ ನಾಡೂ ಒಟ್ಟಿಗೆ ನಿಂತಿವೆ. ಈಗ ಆ ಒಪ್ಪಂದ ಸಡಿಲಗೊಂಡಿದೆ. ಆಲೂರು, ಸಕಲೇಶಪುರಗಳಲ್ಲಿ ಆನೆಗೆ ಕಾಡು ಯಾವುದು, ತೋಟ ಯಾವುದು ಎಂಬ ಗೆರೆ ಉಳಿದಿಲ್ಲ. 2014ರಲ್ಲಿ ಆಲೂರು ಸುತ್ತಿನಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಹಾವಳಿ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಹಿಡಿಯಲು ಹೋದ ದಸರಾ ಆನೆ ಅರ್ಜುನ ಕಾಳಗದಲ್ಲಿ ಸತ್ತಿತು. ಎಂಟು ವರ್ಷ ಅಂಬಾರಿ ಹೊತ್ತ ಆನೆ ಅದು.

ಪದಕ್ಕೆ ಕೊನೆಯ ಪೆಟ್ಟು ಬಿದ್ದಿರುವುದು ಹೆದ್ದಾರಿಯ ಫಲಕಗಳಲ್ಲಿ. ಹೋಂಸ್ಟೇ, ಹೋಟೆಲು, ಮಸಾಲೆ ಅಂಗಡಿ ಎಲ್ಲೆಡೆ ‘ಮಲ್ನಾಡ್’. ಮಲೆನಾಡನ್ನು ಇಂಗ್ಲಿಷಿನಲ್ಲಿ ಬರೆದವರು ನಡುವಿನ ಸ್ವರ ನುಂಗಿದರು; ಆ ಕಾಗುಣಿತವೇ ಕನ್ನಡ ಲಿಪಿಗೆ ಮರಳಿ ಬಂದಿದೆ. ಆಡುಮಾತಿನಲ್ಲಿ ಸ್ವರ ಸವೆಯುವುದು ಸಹಜ, ಅದಕ್ಕೆ ಯಾರೂ ತಕರಾರು ಎತ್ತಬೇಕಿಲ್ಲ. ಆದರೆ ಬರೆಯುವಾಗ ಮಲೆಯನ್ನು ಬಿಟ್ಟು ‘ಮಲ್’ ಉಳಿಸಿದರೆ ಅರ್ಥವೇ ಇಲ್ಲದ ಅರ್ಧ ಪದ ಉಳಿಯುತ್ತದೆ. ಕನ್ನಡದ ಫಲಕದಲ್ಲಿ ‘ಮಲೆನಾಡು’ ಎಂದೇ ಬರೆಯಬೇಕು.