ಬಾನಿನಿಂದ ಬಿದ್ದರೆ ಹೊಣೆ ಯಾರದು?

ಮದುವೆ ಚಪ್ಪರದ ಮೇಲೆ ಹಾರುತ್ತಿದ್ದ ಡ್ರೋನ್ ಅತಿಥಿಯೊಬ್ಬರ ತಲೆಯ ಮೇಲೆ ಬಿದ್ದರೆ ಆಸ್ಪತ್ರೆಯ ಖರ್ಚು ಕೊಡುವವರು ಯಾರು? ಪ್ರಶ್ನೆ ಹೊಸದೆನಿಸಬಹುದು. ಆದರೆ ಬಾನಿನಿಂದ ಇಳಿದು ಬಂದ ಹಾನಿಯ ಲೆಕ್ಕವನ್ನು ನ್ಯೂಯಾರ್ಕಿನ ನ್ಯಾಯಾಲಯವೊಂದು 1822ರಲ್ಲೇ ಹಾಕಿತ್ತು.

ಗಿಲ್ಲೆ ಎಂಬಾತ ಬಲೂನೇರಿ ಹಾರಿ, ಸ್ವಾನ್ ಎಂಬವನ ತೋಟಕ್ಕೆ ಬಂದಿಳಿದ. ನೆಲಕ್ಕೆ ತಾಗಿದ ಬಲೂನು ಸುಮಾರು 30 ಅಡಿ ಎಳೆದುಕೊಂಡು ಹೋಗಿ ಆಲೂಗಡ್ಡೆ, ಮೂಲಂಗಿ ಗಿಡಗಳನ್ನು ನೆಲಸಮ ಮಾಡಿತು. ಇದರ ನಷ್ಟ 15 ಡಾಲರ್ ಮಾತ್ರ. ಗಿಲ್ಲೆ ಬುಟ್ಟಿಗೆ ನೇತುಬಿದ್ದು ಸಹಾಯಕ್ಕೆ ಕೂಗಿದ್ದೇ ತಡ, ಇನ್ನೂರಕ್ಕೂ ಹೆಚ್ಚು ಜನ ಬೇಲಿ ಮುರಿದು ಒಳನುಗ್ಗಿದರು. ನೆರವಿಗೆ ಬಂದವರೆಷ್ಟೋ, ತಮಾಷೆ ನೋಡಲು ಬಂದವರೆಷ್ಟೋ! ಬಲೂನಿಗಿಂತ ಹೆಚ್ಚು ಹಾನಿ ಮಾಡಿದ್ದು ಈ ಗುಂಪೇ. ಜ್ಯೂರಿ ಕೊಡಿಸಿದ ಪರಿಹಾರ 90 ಡಾಲರ್. ಜನ ತುಳಿದದ್ದಕ್ಕೆ ತಾನೇಕೆ ಹೊಣೆ ಎಂಬ ಗಿಲ್ಲೆಯ ವಾದ ನಿಲ್ಲಲಿಲ್ಲ. ಎಲ್ಲಿ ಇಳಿಯುವುದೆಂಬುದು ಕೈಯಲ್ಲಿಲ್ಲವೆಂದು ತಿಳಿದೂ ಮೇಲೇರಿದವನು, ಜನ ಸೇರುವುದನ್ನೂ ನಿರೀಕ್ಷಿಸಬೇಕಿತ್ತು ಎಂಬುದು ತೀರ್ಪಿನ ತಿರುಳು.

ಇಂಥ ಹೊಣೆಯನ್ನು ಕಂತು ಪಡೆದು ಹೊರುವವರು ಬಂದದ್ದು ವಿಮಾನಗಳ ಕಾಲದಲ್ಲಿ. ಲಂಡನ್ನಿನ ಲಾಯ್ಡ್ಸ್ ಮಾರುಕಟ್ಟೆಯಲ್ಲಿ 1911ರಲ್ಲಿ ವಿಮಾನ ಪಾಲಿಸಿ ಶುರುವಾಯಿತು. ಅಪಘಾತಗಳ ನಷ್ಟ ಕಂಡ ವಿಮೆಗಾರರು ಮರುವರ್ಷವೇ ಹಿಂದೆ ಸರಿದರು.

ಭಾರತದ 2021ರ ಡ್ರೋನ್ ನಿಯಮಗಳು ವಿಮೆಯ ವಿಷಯದಲ್ಲಿ ರಸ್ತೆಯ ಕಾನೂನನ್ನೇ ಎರವಲು ಪಡೆದವು. ಸ್ಕೂಟರು, ಲಾರಿಗಳಿಗೆ ಅನ್ವಯಿಸುವ 1988ರ ಮೋಟಾರು ವಾಹನ ಕಾಯ್ದೆಯ ಥರ್ಡ್ ಪಾರ್ಟಿ ವಿಮೆ ಮತ್ತು ಪರಿಹಾರದ ವಿಧಿಗಳನ್ನು ಅಗತ್ಯ ಮಾರ್ಪಾಡುಗಳೊಡನೆ ಡ್ರೋನ್‌ಗೂ ಅನ್ವಯಿಸಲಾಯಿತು. ಇದು ಸುಲಭದ ದಾರಿ, ಆದರೆ ಪೂರ್ತಿ ಒಪ್ಪುವ ದಾರಿಯಲ್ಲ. ಗುದ್ದಿದ ಲಾರಿಯ ನಂಬರನ್ನು ಯಾರಾದರೂ ಓದಿಯಾರು; ಮಾಳಿಗೆಯ ಮೇಲೆ ಬಿದ್ದ ಡ್ರೋನನ್ನು ಹಾರಿಸುತ್ತಿದ್ದವನು ಮೂರು ಬೀದಿ ಆಚೆ ಇರಬಹುದು.

250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗಳಿಗೆ ಈ ನಿಯಮ ವಿನಾಯಿತಿ ಕೊಟ್ಟಿತು. ವಿನಾಯಿತಿ ವಿಮೆಗೆ ಮಾತ್ರ, ಹೊಣೆಗಲ್ಲ. ಯಾರದೋ ಕಣ್ಣಿಗೆ ಪೆಟ್ಟಾದರೆ ಪರಿಹಾರ ಸ್ವಂತ ಜೇಬಿನಿಂದಲೇ ಹೋಗಬೇಕಾದೀತು.

ಇನ್ನೊಂದು ಗೊಂದಲ ಬಹಳ ಮಂದಿಗೆ ಉಂಟು. ಥರ್ಡ್ ಪಾರ್ಟಿ ವಿಮೆ ಕಟ್ಟಿಕೊಡುವುದು ಪರರ ನಷ್ಟವನ್ನು. ಹೊಲಕ್ಕೆ ಔಷಧ ಸಿಂಪಡಿಸುತ್ತಿದ್ದ ಡ್ರೋನ್ ತೆಂಗಿನ ಮರಕ್ಕೆ ಬಡಿದು ರೆಕ್ಕೆ ಮುರಿದುಕೊಂಡರೆ ಅದರಿಂದ ಬಿಡಿಗಾಸೂ ಬರದು. ಯಂತ್ರಕ್ಕೆಂದೇ ಬೇರೆ ವಿಮೆ ಬೇಕು. ಅದಿದ್ದರೂ ನಿಷೇಧಿತ ವಲಯದಲ್ಲಿ ಹಾರಿಸಿದ್ದರೆ, ಅಥವಾ ನೋಂದಣಿ ಮಾಡಿಸದಿದ್ದರೆ, ಕ್ಲೇಮು ತಿರಸ್ಕಾರವಾಗುವ ಸಂಭವವೇ ಹೆಚ್ಚು.