ಹೊಳೆಯ ಆಚೆಯ ದಡ

ಕೊಟ್ಟೂರಿನಿಂದ ಉತ್ತರಕ್ಕೆ ಹೊರಟು ಹಗರಿಬೊಮ್ಮನಹಳ್ಳಿಯನ್ನು ದಾಟಿ ಮುಂದೆ ಸಾಗಿದರೆ ನಿಮಗೆ ತುಂಗಭದ್ರೆಯ ಹಿನ್ನೀರು ಕಾಣುತ್ತದೆ. ಆಚೆಯದು ಕೊಪ್ಪಳದ ಸೀಮೆ. ಎರಡು ದಡಗಳಲ್ಲಿಯೂ ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಆದರೆ 1947ರ ಆಗಸ್ಟ್ 15ರಂದು ಇವುಗಳ ಪಾಡು ಬೇರೆಬೇರೆಯಾಯಿತು. ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದುದರಿಂದ ಸ್ವತಂತ್ರವಾದುವು. ಆಚೆಯ ದಡ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿಯೇ ಉಳಿಯಿತು. ಅನಂತರದ 13 ತಿಂಗಳುಗಳಲ್ಲಿ ಅಲ್ಲಿ ನಡೆದುದನ್ನು ನಾವು ಮತ್ತೆ ಮತ್ತೆ ನೆನೆಯಬೇಕಾಗಿದೆ.

ರಜಾಕಾರ ಎಂದರೆ ಸ್ವಯಂಸೇವಕ. ಹೆಸರೇನೋ ಸೌಮ್ಯವಾದುದೇ. 1927ರಲ್ಲಿ ಹುಟ್ಟಿದ ಮಜ್ಲಿಸ್ ಸಂಸ್ಥೆಗೆ 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿ ನಾಯಕನಾದ ಮೇಲೆ ಈ ಸ್ವಯಂಸೇವಕರು ಬಂದೂಕು ಹಿಡಿದ ಪಡೆಯಾದರು. ರಾಜ್ಯದ ಒಡೆತನ ಮುಸಲ್ಮಾನರದೆಂದೂ ಅದು ಕೈತಪ್ಪಿದರೆ ಅವರಿಗೆ ಉಳಿಗಾಲವಿಲ್ಲವೆಂದೂ ರಜ್ವಿ ಸಾರಿದನು. ಹಳ್ಳಿಗಳು ಲೂಟಿಯಾದುವು, ಮನೆಗಳು ಸುಟ್ಟುವು. ಜನರು ಗಡಿ ದಾಟಿ ಓಡಿದರು.

ಇಂಥ ಒಂದು ಪಡೆಗೆ ಅಷ್ಟು ಬಲ ಬಂದುದು ಹೇಗೆ ಎಂದು ನೀವು ಕೇಳಬಹುದು. ಅನುಮತಿಯಿಲ್ಲದೆ ಸಭೆ ಸೇರಲು ಅಲ್ಲಿ ಜನರಿಗೆ ಅವಕಾಶವಿರಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಕಣ್ಣು ಬಿಡುವ ಮೊದಲೇ ನಿಷೇಧಕ್ಕೆ ಗುರಿಯಾಯಿತು. ಮೆಲುದನಿಯ ಮಾತಿಗೆ ಬಾಗಿಲು ಮುಚ್ಚಿದ ಊರಿನಲ್ಲಿ ಕೊನೆಗೆ ಕೇಳಿಸುವುದು ಅಬ್ಬರದ ಮಾತೊಂದೇ. ಅದನ್ನು ತಡೆಯಬೇಕಾದ ಸರ್ಕಾರವು ತನ್ನ ಗದ್ದುಗೆಗೆ ಅದೇ ಕಾವಲೆಂದು ಭಾವಿಸಿತು.

ಆದರೆ ಎಲ್ಲರೂ ಹೆದರಿ ಸುಮ್ಮನಿರಲಿಲ್ಲ. ಕೊಪ್ಪಳ ಸೀಮೆಯ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿಯೂ ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿಯೂ ಶಿಬಿರ ಹೂಡಿ ಎದುರು ನಿಂತರು. ಅತ್ತ ಹೈದರಾಬಾದು ನಗರದಲ್ಲಿ ಶೋಯೆಬುಲ್ಲಾ ಖಾನ್ ಎಂಬ ತರುಣ ಸಂಪಾದಕನು ತನ್ನ ಉರ್ದು ಪತ್ರಿಕೆ 'ಇಮ್ರೋಜ್'ನಲ್ಲಿ ರಜಾಕಾರರನ್ನು ಖಂಡಿಸಿ, ರಾಜ್ಯವು ಭಾರತದೊಡನೆ ಸೇರಬೇಕೆಂದು ಬರೆದನು. 1948ರ ಆಗಸ್ಟಿನಲ್ಲಿ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹಿಂದಿರುಗುತ್ತಿದ್ದಾಗ ಅವನನ್ನು ಕೊಂದರು. ಬರೆದ ಕೈಯನ್ನೇ ಕಡಿದರು. ರಜಾಕಾರರೆಂದರೆ ಮುಸಲ್ಮಾನರೆಲ್ಲರೂ ಎನ್ನುವವರು ಈ ಒಂದು ಹೆಸರನ್ನು ನೆನೆದರೆ ಸಾಕು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಸೇಡಿನ ಬೆಂಕಿ ಈಗ ಮುಸಲ್ಮಾನರ ಕೇರಿಗಳಿಗೆ ತಗುಲಿತು. ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರು ಸುತ್ತಾಡಿ ನೋಡಿ, ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಇರಬೇಕೆಂದು ಅಂದಾಜು ಮಾಡಿದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ, ಬೀದರಗಳೂ ಸೇರಿದ್ದುವು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಉಂಟು. ಕೆಲವೆಡೆ ಹಿಂದೂ ನೇಕಾರರು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಮುಸಲ್ಮಾನ ನೇಕಾರರನ್ನು ಕಾಪಾಡಿದರು. ಒಂದೇ ಕಸುಬಿನ ಮಗ್ಗಗಳ ನಂಟು ನಾಯಕರ ಭಾಷಣಗಳಿಗಿಂತ ಗಟ್ಟಿಯಾಗಿತ್ತು.

ವಾಚಕರೆ, ಉಗ್ರತೆಗೆ ಇಂಥದೇ ಮತವೆಂಬುದಿಲ್ಲ. ನೆರೆಯವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು 'ಅವರು' ಎನ್ನತೊಡಗಿದ ದಿನವೇ ಅದು ನಮ್ಮ ಹೊಸ್ತಿಲು ತುಳಿಯುತ್ತದೆ. ಶಿವಮೂರ್ತಿಸ್ವಾಮಿಗಳು 1952ರಲ್ಲಿ ಜನರ ಓಟು ಪಡೆದು ಲೋಕಸಭೆಗೆ ಹೋದರು. ಮುಚ್ಚಿದ್ದ ಬಾಗಿಲು ಹಾಗೆ ತೆರೆಯಿತು. ಅದು ಮತ್ತೆ ಮುಚ್ಚದಂತೆ ನೋಡಿಕೊಳ್ಳುವ ಭಾರ ಹೊಳೆಯ ಎರಡು ದಡದವರ ಮೇಲೆಯೂ ಇದೆ.