ಜೀತದಾಳೂ ಕಾನೂನಿನ ಅರಿವೂ

ರಾಯಚೂರು ಸೀಮೆಯೆಂದೊಡನೆ ನಮ್ಮ ನೆನಪಿಗೆ ಬರುವುವು ಕೋಟೆಗಳು, ಕಾಳಗಗಳು. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನವಿ. ಈ ಎರಡು ಹೊಳೆಗಳ ನಡುನಾಡಿಗಾಗಿ ಅರಸರು ಕಾದಾಡಿದ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ಅಲ್ಲಿಯ ಹೊಲಗಳಲ್ಲಿ ದುಡಿದವನ ಚರಿತ್ರೆಯನ್ನು ಮಾತ್ರ ನಾವು ಅಷ್ಟಾಗಿ ವಿಚಾರಿಸಿಲ್ಲ.

ನಿಜಾಮರ ರಾಜ್ಯದಲ್ಲಿ, ಸಾಲಕ್ಕೆ ಈಡಾಗಿ ಒಡೆಯನ ಮನೆಯಲ್ಲಿ ದುಡಿಯುವ ಆಳನ್ನು ಸರಕಾರದ ಕಾಗದಗಳು ‘ಭಗೇಲ’ನೆಂದು ಕರೆಯುತ್ತಿದ್ದುವು, ನಮ್ಮ ಮಾತಿನಲ್ಲಿ ಜೀತದಾಳು. ಮದುವೆಗೋ ಮಣ್ಣಿಗೋ ತಂದ ಅಲ್ಪ ಹಣ ತೀರದೆ, ತಂದೆಯ ನೊಗ ಮಗನ ಹೆಗಲಿಗೆ ಬರುವುದೂ ಉಂಟಾಗಿತ್ತು. ಇಂತಹ ಕರಾರುಗಳಿಗೆ ಕಟ್ಟುಪಾಡು ಹಾಕುವ ಕಾನೂನನ್ನು 1936ರಲ್ಲಿ ಹೈದರಾಬಾದು ಸರಕಾರವೇ ಮಾಡಿತು. ಒಳ್ಳೆಯದೇ ಆಯಿತು ಎನ್ನೋಣ. ಆದರೆ ಆಡಳಿತದ ಭಾಷೆ ಉರ್ದು, ಆಳಿನ ಮಾತು ಕನ್ನಡ. ಅಕ್ಷರವಂತೂ ಬಹುಮಂದಿಗೆ ಯಾವ ಭಾಷೆಯಲ್ಲಿಯೂ ಇರಲಿಲ್ಲ. ಕಾನೂನು ತನ್ನ ಪರವಾಗಿದೆಯೆಂದು ಅವನಿಗೆ ಹೇಳತಕ್ಕವರಾರು? ಸಾಲ ಕೊಟ್ಟ ಸಾಹುಕಾರನೇ? ಸಭೆ ಕೂಡಿಸಿ ತಿಳಿಸೋಣವೆಂದರೆ, ‘ಗಸ್ತಿ 53’ ಎಂಬ ಆಜ್ಞೆಯಂತೆ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಹಕ್ಕನ್ನು ಬರೆದ ಸರಕಾರವೇ ಅದನ್ನು ಸಾರುವ ಬಾಯಿಗೆ ಬೀಗವಿಕ್ಕಿತ್ತು.

1920ರಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ‘ಹಮ್ದರ್ದ್’ ಶಾಲೆಯನ್ನು ತೆರೆದುದರ ಬೆಲೆ ಇಂತಹ ಕಾಲದಲ್ಲಿಟ್ಟು ನೋಡಿದರೇ ತಿಳಿಯುವುದು. ಕಠಿನ ವಿಷಯವನ್ನು ಜನರ ನಾಲಗೆಗೆ ತರುವ ವಿದ್ಯೆಯಾದರೋ ಆ ಸೀಮೆಗೆ ಹೊಸದಲ್ಲ. ಮಾನವಿಯ ಜಗನ್ನಾಥದಾಸರು 18ನೆಯ ಶತಮಾನದಲ್ಲಿಯೇ ವೇದಾಂತವನ್ನು ಕನ್ನಡದ ಷಟ್ಪದಿಯಲ್ಲಿ ಹೇಳಿದರು. ವೇದಾಂತಕ್ಕೆ ಸಾಲುವ ಕನ್ನಡ ಕಾಯಿದೆಗೆ ಸಾಲದೆ?

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅದೇ ವರ್ಷ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು. ಬೋಧನೆಯಿಂದಲೂ ಶಿಕ್ಷಣದಿಂದಲೂ ಈ ಹಕ್ಕುಗಳಿಗೆ ಗೌರವವನ್ನು ಬೆಳೆಸಬೇಕೆಂಬ ಮಾತು ಅದರ ಪೀಠಿಕೆಯಲ್ಲಿಯೇ ಇದೆ. 1950ರ ಸಂವಿಧಾನ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಆದರೂ ಜೀತವನ್ನು ತೊಡೆಯಲು 1976ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು.

ಆ ಕಾಯಿದೆಯಲ್ಲಿ ಮೂರು ಮಾತುಗಳನ್ನು ನಾವು ಮುಖ್ಯವೆಂದು ತಿಳಿದಿದ್ದೇವೆ. ಜೀತದ ಸಾಲ ರದ್ದಾಯಿತು, ತೀರಿಸಬೇಕಾದುದಿಲ್ಲ. ಬಿಡುಗಡೆಯಾದ ಆಳನ್ನು, ಜೀತದ ಸಂಬಳದ ಭಾಗವಾಗಿ ಅವನಿದ್ದ ಮನೆಯಿಂದ ಹೊರಡಿಸಕೂಡದು. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತುಪಡಿಸುವ ಭಾರ ಸಾಲ ಕೊಟ್ಟವನದು. ಆದರೆ ಆ ಮಾತನ್ನು ಅವನು ಹೇಳಬೇಕಷ್ಟೆ, ತಿಳಿಯದವನು ಹೇಳುವುದೆಂತು? ಮಾನವಿ ದೇವದುರ್ಗಗಳ ಸಂತೆಗಳಲ್ಲಿ ಈ ಮೂರನ್ನೇ ಡಂಗುರ ಸಾರಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ಬೇಡ.